ಮರಗಮ್ಮನ ಬದಲಿ

ಮರಗಮ್ಮ ತನ್ನ ನೆರಳನ್ನೂ ನಂಬುವವಳಲ್ಲ. ಊಟದ ಡಬ್ಬಿಯ ಬಟ್ಟೆಗೆ ಅವಳು ಹಾಕುವ ಗಂಟೇ ಒಂದು ಬಗೆ. ಬೇರೆಯವರು ಬಿಚ್ಚಿ ಮತ್ತೆ ಕಟ್ಟಿದರೆ ಅವಳಿಗೆ ಗೊತ್ತಾಗುತ್ತದಂತೆ. ಒಳಗಿರುವುದು ಜೋಳದ ರೊಟ್ಟಿ, ಪುಂಡಿಪಲ್ಯ. ಅದನ್ನು ಕದಿಯಲು ನಾವು ಕೆಲಸ ಮಾಡುವ ಮಹಾಪೆಯ ಆ ಗಾಜಿನ ಕಟ್ಟಡದಲ್ಲಿ ಯಾರು ಹೊಂಚು ಹಾಕಿ ಕೂತಿದ್ದಾರೋ ದೇವರೇ ಬಲ್ಲ. ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂರುವುದಿಲ್ಲ, ಹೊರಗಿನಿಂದ ಯಾರಾದರೂ ಕಿವಿಯ ಓಲೆಗೆ ಕೈ ಹಾಕಿದರೆ ಎಂದು. ನಾನು ಸ್ವಲ್ಪ ನಗುತ್ತಾ ಮಾತಾಡಿಸಿದರೆ ಸಾಕು, "ಯಾಕ್ರಿ ಅಕ್ಕೋರ, ಇವತ್ತ ಹೆಚ್ಚಿನ ಕೆಲಸ ಏನರ ಹಚ್ಚೋರಿದ್ದೀರೇನು?" ಎಂದು ಕೇಳುತ್ತಾಳೆ.

ನಾನು ಸುಗುಣಾ. ಕಾರ್ಕಳದ ಕಡೆಯವಳು, ಮದುವೆಯಾಗಿ ಡೊಂಬಿವಲಿಗೆ ಬಂದೆ. ಗಂಡ ಥಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ನಾನು ಮಹಾಪೆಯ ಒಂದು ಐಟಿ ಕಂಪನಿಯಲ್ಲಿ ಕಸ ಗುಡಿಸುವ, ನೆಲ ಒರೆಸುವ ಹೆಂಗಸರ ಮೇಲೆ ಸೂಪರ್‌ವೈಸರ್. ನನ್ನ ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ. ಇಷ್ಟು ಜನರನ್ನು ಮೆಲ್ಲನೆ ಮಾತಾಡಿ ಕೆಲಸ ಮಾಡಿಸಿ ನೋಡಿ, ಆಮೇಲೆ ಹೇಳಿ.

ಮರಗಮ್ಮನ ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ಕಲಬುರಗಿ ಸೀಮೆಯಿಂದ ಗಂಡನ ಜೊತೆ ಬಂದ ಹೊಸತರಲ್ಲಿ ಅವಳು ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಊರಲ್ಲಿ ತಾಯಿ ಸತ್ತಾಗ ಚಿಕ್ಕಪ್ಪನ ಮಗಳನ್ನು ತನ್ನ ಜಾಗದಲ್ಲಿ ನಿಲ್ಲಿಸಿ ಹೋದಳು. ಕಾರ್ಯ ಮುಗಿಸಿ ಬಂದು ಗೇಟಿನಲ್ಲಿ "ನಾ ಮರಗಮ್ಮ" ಎಂದರೆ ಕೆಲಸದವರ ಮೇಸ್ತ್ರಿ ಮುಕಾದಮ ನಕ್ಕನಂತೆ. "ಮರಗಮ್ಮ ಒಳಗೆ ಕೆಲಸ ಮಾಡ್ತಿದ್ದಾಳೆ, ನೀನ್ಯಾರು?" ಎಂದನಂತೆ. ಚಿಕ್ಕಪ್ಪನ ಮಗಳು ಅವಳ ಹೆಸರಿನಲ್ಲೇ ಆ ಜಾಗ ಇಟ್ಟುಕೊಂಡುಬಿಟ್ಟಿದ್ದಳು; ಆ ಗೇಟನ್ನು ಮರಗಮ್ಮ ಇವತ್ತಿಗೂ ಮರೆತಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳು ಮಲ್ಲಿಕಾಳನ್ನು ಓದಿಸಿ ಊರ ಕಡೆಗೇ ಮದುವೆ ಮಾಡಿಕೊಟ್ಟಳು. ಅವಳಿಗೆ ಉಳಿದದ್ದು ಮಹಾಪೆಯ ಈ ಕೆಲಸ ಒಂದೇ.

ಈ ಬದಲಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಹೆಂಗಸರಲ್ಲಿ ಹೆರಿಗೆ, ಸಾವು, ಮದುವೆ ಏನೇ ಬರಲಿ, ಊರಿಗೆ ಹೋಗುವವಳು ತನ್ನ ಕಡೆಯ ಒಬ್ಬಳನ್ನು ನಿಲ್ಲಿಸಿ ಹೋಗುತ್ತಾಳೆ. ದುಡಿದ ಸಂಬಳ ಬದಲಿಗೆ, ಜಾಗ ಮಾತ್ರ ಹೋದವಳದು. ಬರಹ ಇಲ್ಲ, ಸಹಿ ಇಲ್ಲ, ಬರೀ ಮಾತು. ನನಗೆ ನೆಲ ಹೊಳೆದರೆ ಆಯಿತು, ಒರೆಸಿದವಳು ಯಾರಾದರೇನು? ಹಾಗೇ ನಡೆದುಕೊಂಡು ಬಂದಿತ್ತು.

ಆಗ ಬಂದರು ನೋಡಿ ಅನಿಲಕುಮಾರ. ಬೆಂಗಳೂರಿನವರು, ಕಂಪನಿಯಲ್ಲಿ ಯಾರು ಯಾರು, ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂದು ನೋಡಿಕೊಳ್ಳುವುದೇ ಅವರ ಕೆಲಸ. ಕನ್ನಡದವರು ಎಂದು ನಾನು ಮೊದಲು ಖುಷಿಪಟ್ಟೆ. ನಮ್ಮನ್ನೆಲ್ಲ ಪ್ಯಾಂಟ್ರಿಯಲ್ಲಿ ನಿಲ್ಲಿಸಿ ಹೇಳಿದರು: "ನೋಡಿ ಅಮ್ಮಾ, ಇನ್ಮೇಲೆ ರಿಜಿಸ್ಟರ್ ಇಲ್ಲ. ನಿಮ್ಮ ಹೆಸರೆಲ್ಲ ಕ್ಲೌಡಲ್ಲಿರುತ್ತೆ. ಕ್ಲೌಡ್ ಅಂದ್ರೆ ಏನೂ ಇಲ್ಲ, ಎಲ್ಲೋ ದೂರದ ಊರಲ್ಲಿರೋ ಬಾಡಿಗೆ ಕಂಪ್ಯೂಟರು. ಗೇಟು ಒಬ್ಬರದು, ಹಾಜರಿ ಇನ್ನೊಬ್ಬರದು, ಕ್ಯಾಂಟೀನು, ಬಸ್ಸು, ಸಂಬಳದ ಚೀಟಿ ಎಲ್ಲ ಬೇರೆ ಬೇರೆ ಕಂಪನಿಯವು. ಅವನ್ನೆಲ್ಲ ಒಂದಕ್ಕೊಂದು ಜೋಡಿಸಿದೀವಿ. ಒಂದೇ ಹೆಸರು, ಒಂದೇ ಪಾಸ್‌ವರ್ಡು, ಎಲ್ಲಾ ಬಾಗಿಲೂ ತೆರೆಯುತ್ತೆ."

"ಅಂದ್ರ ಒಂದ್ ಹೋದ್ರ ಎಲ್ಲಾ ಹೋಯ್ತು," ಎಂದಳು ಮರಗಮ್ಮ.

ಅನಿಲಕುಮಾರ ಕೇಳಿಸದವರಂತೆ ಮುಂದುವರಿದರು. ಪ್ರತಿ ಹೆಸರಿಗೂ ಒಂದು ಲೈಸೆನ್ಸ್. ಅದು ಬಸ್ಸಿನ ಸೀಟಿನ ಹಾಗೆ, ತಿಂಗಳ ಬಾಡಿಗೆ. ಎರಡು ವಾರ ಯಾರೂ ಕೂರದಿದ್ದರೆ ಕಂಪ್ಯೂಟರು ಆ ಸೀಟನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಹೆಸರು ಪಟ್ಟಿಯಿಂದ ಹೋಗುತ್ತದೆ. ಹೊಸ ಕಡೆಯಿಂದ ಯಾರಾದರೂ ಹೆಸರು ಹಾಕಿದರೆ ಆ ಹೆಸರಿನವರ ಫೋನಿನಲ್ಲಿ "ನೀವೇನಾ?" ಎಂದು ಕೇಳುತ್ತದೆ. ಹೌದಾದರೆ "ಹೌದು" ಒತ್ತಬೇಕು, ಬೆಳಿಗ್ಗೆ ಗೇಟಿನಲ್ಲೂ ಹಾಗೇ.

"ಇದರ ಬೀಗದ ಕೈ ಯಾರ ಹತ್ರ ಅದರಿ?" ಮರಗಮ್ಮ ಮತ್ತೆ ಕೇಳಿದಳು.

"ನನ್ನ ಹತ್ರ."

ಅವಳು ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಹಂಗಾರ ನಿಮ್ಮನ್ನ ಯಾರು ಕಾಯ್ತಾರ?"

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅನಿಲಕುಮಾರರ ಮುಖ ಬಿಗಿಯಿತು. ಆ ಮನುಷ್ಯನಿಗೂ ನಮ್ಮ ಮೇಲೆ ಏನೋ ಅನುಮಾನ ಎಂದು ನನಗೆ ಅವತ್ತೇ ಅನಿಸಿತು. ಅವರು ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ಕೊರಳಿನ ಕಾರ್ಡು ನೋಡುತ್ತಿದ್ದರು.

ಅದೇ ಸಮಯಕ್ಕೆ ಮಲ್ಲಿಕಾಳಿಗೆ ದಿನ ತುಂಬುತ್ತಾ ಬಂತು. ಚೊಚ್ಚಲ ಹೆರಿಗೆ, ತಾಯಿ ಹೋಗದಿದ್ದರೆ ಹೇಗೆ? ನಾನು ಹೇಳಿದೆ, "ರಜೆಗೆ ಅರ್ಜಿ ಕೊಡು ಮಾರಾಯ್ತಿ, ಅನಿಲಕುಮಾರರಿಗೆ ನಾನು ಹೇಳ್ತೇನೆ."

"ಅರ್ಜಿ ಕೊಟ್ರ ನಾ ಇಲ್ಲಂತ ಅವರಿಗಿ ಗೊತ್ತಾಗ್ತದ. ಇಲ್ಲಂತ ಗೊತ್ತಾದ ಮ್ಯಾಲ ಖಾಲಿ ಜಾಗ ಯಾರರ ಕಾಯ್ತಾರೇನ್ರಿ?"

ನಮ್ಮನ್ನೆಲ್ಲ ಕೆಲಸಕ್ಕೆ ಇಟ್ಟ ಕಂಟ್ರಾಕ್ಟರನನ್ನು ನಾನೂ ನಂಬುವವಳಲ್ಲ.

ಬದಲಿಯಾಗಿ ಬಂದವಳು ಕಾಂಚನಾ. ಮರಗಮ್ಮನ ಮೈದುನ ಚಂದ್ರಾಮನ ಹೆಂಡತಿ. ನಮ್ಮ ಕಡೆ ಓರಗಿತ್ತಿ ಅನ್ನುವುದನ್ನು ಅವರು ನೆಗೆಣ್ಣಿ ಅನ್ನುತ್ತಾರೆ. ಚಂದ್ರಾಮ ಎಂಐಡಿಸಿಯಲ್ಲಿ ಲೋಡಿಂಗ್ ಕೆಲಸದವನು. ಸಾಲುಮನೆಗಳ ಚಾಳಿನಲ್ಲಿ ಇಬ್ಬರ ಮನೆಗೂ ಒಂದೇ ಗೋಡೆ. ಈಚೆ ಒಗ್ಗರಣೆ ಹಾಕಿದರೆ ಆಚೆಯವರು ಸೀನಬೇಕು. ಹೊರಡುವ ದಿನ ಮರಗಮ್ಮ ತನ್ನ ಫೋನು, ಕಾರ್ಡು ಎರಡನ್ನೂ ಅವಳ ಕೈಗಿಟ್ಟಳು. ಬರೀ ಮಾತಿನ ಮೇಲೆ ಬಿಡುವವಳೇ ಅವಳು? ಊರ ದೇವಿಯ ಭಂಡಾರವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕಾಂಚನಾಳ ಅಂಗೈಗೆ ಹಾಕಿದಳು. "ಆಣಿ ಮಾಡು. ಯಾರು ಕೇಳಿದ್ರೂ, ಯಾವಾಗ ಕೇಳಿದ್ರೂ, ನಾನೇ ಮರಗಮ್ಮಂತ ಹೇಳ್ತೀನಂತ. ಫೋನ್ ಏನ್ ಕೇಳಿದ್ರೂ ಹೌದು ಅಂತ ಒತ್ತು."

"ಆಣಿ, ಯಕ್ಕಾ," ಎಂದಳು ಕಾಂಚನಾ. ಅರಿಶಿನದ ಪುಡಿಯನ್ನು ಹಣೆಗೆ ಹಚ್ಚಿಕೊಂಡಳು. ನಾನು ಅಲ್ಲೇ ಇದ್ದೆ, ಅವಳ ಚಾಳಿನ ಬಾಗಿಲಲ್ಲಿ, ಚಹಾದ ಲೋಟ ಹಿಡಿದುಕೊಂಡು.

ಕಾಂಚನಾ ಕೆಲಸಕ್ಕೆ ಹುಲಿ. ಮಾತು ಕಡಿಮೆ. ಮೀಟಿಂಗ್ ರೂಮಿನ ಗಾಜು ಒರೆಸಿದರೆ ಹಕ್ಕಿ ಬಂದು ಡಿಕ್ಕಿ ಹೊಡೆಯಬೇಕು, ಹಾಗೆ. ಮಲ್ಲಿಕಾಳಿಗೆ ಹೆಣ್ಣು ಮಗು ಆಯಿತು ಎಂದು ಫೋನು ಬಂದಾಗ ಖುಷಿಯಲ್ಲಿ ನಾನು ಮರಗಮ್ಮನಿಗೆ ಹೇಳಿಬಿಟ್ಟೆ, "ನೀನು ನಿಶ್ಚಿಂತೆಯಿಂದ ಬಾಣಂತನ ಮಾಡು. ನಿನ್ನ ನೆಗೆಣ್ಣಿ ನಿನಗಿಂತ ಚಂದ ಕೆಲಸ ಮಾಡ್ತಾಳೆ!"

ಎಂತಹ ಮಾತು ಆಡಿದೆ! ಬೇರೆಯವಳಾದರೆ ನಗುತ್ತಿದ್ದಳು. ಮರಗಮ್ಮ "ಹೌದೇನ್ರಿ," ಎಂದಳು, ಅಷ್ಟೇ. ಬಣ್ಣದ ಕಾರ್ಖಾನೆಯ ಗೇಟು ಅವಳ ಕಣ್ಣ ಮುಂದೆ ಬಂದು ನಿಂತಿರಬೇಕು.

ಅವತ್ತಿನಿಂದ ಅವಳು ಮಾಡಿದ್ದು ಆಮೇಲೆ ಮಲ್ಲಿಕಾಳೇ ನನಗೆ ಹೇಳಿದಳು. ದಿನಾ ಬೆಳಿಗ್ಗೆ ಕೂಸಿಗೆ ಎರೆದು ಮಲಗಿಸಿದ ಮೇಲೆ, "ನನ್ನ ಹೆಸರು ಅದ ಇಲ್ಲ ನೋಡು," ಎಂದು ಮಗಳ ಹಿಂದೆ ಬೀಳುತ್ತಿದ್ದಳು. ಮಲ್ಲಿಕಾ ತನ್ನ ಫೋನಿನಲ್ಲಿ ಕಂಪನಿಯ ಆ್ಯಪು ಹಾಕಿಕೊಂಡು, ತಾಯಿಯ ಹೆಸರು, ಪಾಸ್‌ವರ್ಡು ಹೊಡೆಯುತ್ತಿದ್ದಳು. ಅದೇ ಕ್ಷಣ ಮಹಾಪೆಯಲ್ಲಿ ಕಾಂಚನಾಳ ಕೈಯಲ್ಲಿದ್ದ ಫೋನು "ನೀವೇನಾ?" ಎಂದು ಕೇಳುತ್ತಿತ್ತು. ಏನು ಕೇಳಿದರೂ ಹೌದು ಒತ್ತು ಎಂದು ಯಕ್ಕ ಹೇಳಿದ್ದಾಳಲ್ಲ? ಕಾಂಚನಾ ಒರೆಸುವ ಬಟ್ಟೆ ಪಕ್ಕಕ್ಕಿಟ್ಟು "ಹೌದು" ಒತ್ತುತ್ತಿದ್ದಳು. ಅಲ್ಲಿ ಮರಗಮ್ಮ ತನ್ನ ಹೆಸರು ನೋಡಿ, ಉಸಿರು ಬಿಟ್ಟು, ಫೋನು ಮಗಳಿಗೆ ಕೊಡುತ್ತಿದ್ದಳು. ಇಲ್ಲಿ ಕಂಪ್ಯೂಟರು ಅನಿಲಕುಮಾರರಿಗೆ ಚಾಡಿ ಹೇಳಿತು: ಮರಗಮ್ಮ ಎಂಬವಳು ಮಹಾಪೆಯಲ್ಲೂ ಇದ್ದಾಳೆ, ಅದೇ ಹೊತ್ತಿಗೆ ಕಲಬುರಗಿಯಲ್ಲೂ ಇದ್ದಾಳೆ.

ಒಂದು ಬೆಳಿಗ್ಗೆ ಕಾಂಚನಾಳಿಗೆ ಗೇಟು ತೆರೆಯಲಿಲ್ಲ. ಕೆಂಪು ದೀಪ. ಹಿಂದೆ ಸಾಲಿನಲ್ಲಿದ್ದವರೆಲ್ಲ ಚಲಾ, ಚಲಾ, ಮುಂದೆ ನಡೀರಿ ಎಂದು ಗದ್ದಲ. ನನ್ನನ್ನು ಸೆಕ್ಯುರಿಟಿ ಕ್ಯಾಬಿನ್‌ಗೆ ಕರೆದರು. ಹೋಗಿ ನೋಡಿದರೆ ಕಾಂಚನಾ ಗೋಡೆಗೆ ಒರಗಿ ನಿಂತಿದ್ದಾಳೆ, ಅನಿಲಕುಮಾರ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ.

"ಹೆಸರೇನಮ್ಮಾ?"

"ಮರಗಮ್ಮ ರೀ."

ಅವರು ಕಾರ್ಡಿನ ಫೋಟೋ ನೋಡಿದರು. ಸೆರಗು ಹೊದ್ದ ಮಸುಕು ಮುಖ, ಯಾರದಾದರೂ ಆಗಬಹುದು. ಮರಗಮ್ಮನ ನಂಬರಿಗೆ ಫೋನು ಮಾಡಿದರು. ಕಾಂಚನಾಳ ಸೊಂಟದಲ್ಲೇ ಅದು ಗುಂಯ್‌ಗುಟ್ಟಿತು. ಅನಿಲಕುಮಾರ ತಲೆ ಕೆರೆದುಕೊಂಡರು. ಬಚಾವಾದೆವು ಎಂದು ನಾನು ಮನಸ್ಸಿನಲ್ಲೇ ಕಟೀಲಮ್ಮನಿಗೆ ಕೈಮುಗಿದೆ.

ಆದರೆ ಅವರು ಬಿಡುವ ಆಸಾಮಿಯಲ್ಲ. "ಈ ಹೆಸರು ಎಲ್ಲೆಲ್ಲಿ ತೆರೆದಿದೆಯೋ ಅಲ್ಲೆಲ್ಲ ರಿಂಗ್ ಆಗಲಿ," ಎಂದು ಕಂಪನಿಯ ಆ್ಯಪಿನಲ್ಲೇ ವಿಡಿಯೋ ಕಾಲ್ ಹಚ್ಚಿದರು. ಕಾಂಚನಾ ಮುಟ್ಟುವ ಮೊದಲೇ ಆ ಕಡೆ ಯಾರೋ ಎತ್ತಿದರು. ಲ್ಯಾಪ್‌ಟಾಪಿನ ತುಂಬ ಮರಗಮ್ಮ! ಚಾಚಿದ ಕಾಲಿನ ಮೇಲೆ ಎಣ್ಣೆ ಹಚ್ಚಿದ ಕೂಸು.

"ನೀವ್ಯಾರಮ್ಮ?"

"ನಾ ಮರಗಮ್ಮ ರೀ. ಯಾಕ್ರಿ, ನನ್ನ ಹೆಸರಿಗಿ ಏನಾಯ್ತು?"

ಅನಿಲಕುಮಾರ ಲ್ಯಾಪ್‌ಟಾಪನ್ನು ಕಾಂಚನಾಳ ಕಡೆಗೆ ತಿರುಗಿಸಿದರು. "ಹಾಗಾದ್ರೆ ಇವರು ಯಾರು? ಇವರೂ ತಾವೇ ಮರಗಮ್ಮ ಅಂತಿದಾರೆ."

ಮರಗಮ್ಮನ ಕಣ್ಣಿಗೆ ಬಿದ್ದದ್ದು ಏನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ತನ್ನ ಯೂನಿಫಾರ್ಮ್ ತೊಟ್ಟ ನೆಗೆಣ್ಣಿ, ಪಕ್ಕದಲ್ಲಿ ಸಾಹೇಬ, ಇನ್ನೊಂದು ಪಕ್ಕದಲ್ಲಿ ನಾನು. ಹೆಸರು ಬರೆಸಿಕೊಳ್ಳಲು ನಿಂತಿದ್ದಾರೆ ಎಂದೇ ಅವಳು ತಿಳಿದಿರಬೇಕು.

"ಯಾವಾಕಿನೋ, ನನಗ ಗೊತ್ತಿಲ್ರಿ. ನನ್ನ ಫೋನ್ ಕಳವಾಗ್ಯಾದ. ಕಳ್ಳಿ ಅದಾಳ ಅಕಿ, ನನ್ನ ಹೆಸರು ಕದ್ದಾಳ." ಎಂದವಳೇ ಫೋನು ಕಟ್ ಮಾಡಿದಳು.

ಅನಿಲಕುಮಾರ ಕಾಂಚನಾಳ ಕಡೆ ತಿರುಗಿದರು. "ಕೊನೇ ಸಲ ಕೇಳ್ತೀನಿ. ಪೊಲೀಸ್ ಕರೆಸೋ ಮೊದಲು ಹೇಳಿಬಿಡಿ. ನಿಮ್ಮ ಹೆಸರೇನು?"

ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. "ಮರಗಮ್ಮ ರೀ," ಎಂದಳು.

ನನ್ನ ತಲೆ ಕೆಟ್ಟುಹೋಯಿತು. "ಸಾಕು ಮಾಡಿ ಮಾರಾಯ್ರೆ!" ಎಂದು ಮೇಜು ಬಡಿದೆ. "ಇವಳು ಕಾಂಚನಾ. ಅವಳ ಸ್ವಂತ ನೆಗೆಣ್ಣಿ. ಕಳ್ಳಿಯೂ ಅಲ್ಲ, ಎಂತದೂ ಅಲ್ಲ. ಬದಲಿ!" ಎಂದು ಭಂಡಾರದಿಂದ ಹಿಡಿದು ಎಲ್ಲ ಒದರಿದೆ. ನನ್ನ ಕೆಲಸ ಹೋದರೆ ಹೋಗಲಿ ಅನಿಸಿಬಿಟ್ಟಿತ್ತು.

ಅನಿಲಕುಮಾರ ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ ಹೇಳಿದ ಮಾತು ಕೇಳಿ ನನಗೆ ಇನ್ನಷ್ಟು ಉರಿಯಿತು. "ಮೇಡಂ, ಪಾಳಿ ಕೆಲಸದವರಿಗೆ ಅಂತಲೇ ಬೇರೆ ಲೈಸೆನ್ಸ್ ಇದೆ. ಅಗ್ಗದ್ದು. ನಿಮಗೆ ಕೊಟ್ಟಿರೋದು ಆಫೀಸಿನವರ ದುಬಾರಿ ಲೈಸೆನ್ಸು, ಅದಕ್ಕೇ ಸೀಟು ಖಾಲಿ ಬಿಡೋಕಾಗಲ್ಲ. ಆ ಅಗ್ಗದ್ದನ್ನ ತಗೊಂಡಿದ್ರೆ ಇಬ್ಬರ ಹೆಸರೂ ಬರೆಸಬಹುದಿತ್ತು. ಯಾರದ್ದೂ ಅಳಿಸ್ತಿರಲಿಲ್ಲ."

"ಮತ್ತೆ ಅದನ್ನು ನಮಗೆ ಹೇಳಲಿಲ್ಲ ಯಾಕೆ?"

"ಹೇಳಿದ್ರೆ ನಿಮ್ಮ ಕಂಟ್ರಾಕ್ಟರ್ ಇಲ್ಲದವರ ಹೆಸರೆಲ್ಲ ತುಂಬಿಸ್ತಾನೆ ಅಂತ ನಮ್ಮ ಮೇಲಿನವರಿಗೆ ಅನುಮಾನ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಅವರಿಗೆ ನಮ್ಮ ಮೇಲೆ ಅನುಮಾನ, ನಮಗೆ ಅವರ ಮೇಲೆ, ಮರಗಮ್ಮನಿಗೆ ಎಲ್ಲರ ಮೇಲೆ. ನಡುವೆ ಅರೆದುಹೋದದ್ದು ಯಾರನ್ನೂ ಅನುಮಾನಿಸದ ಒಬ್ಬಳು.

ಪೊಲೀಸರನ್ನು ಅವರು ಕರೆಸಲಿಲ್ಲ, ಅಷ್ಟು ಮನುಷ್ಯತ್ವ ಇತ್ತು. ಆದರೆ ದೂರನ್ನು ತೆಗೆಯಲು ಒಪ್ಪಲಿಲ್ಲ. ಹೆಸರಿನ ಒಡತಿಯೇ ಕಳ್ಳಿ ಎಂದಿದ್ದಾಳೆ, ಅದು ಕಾಂಚನಾಳ ಹೆಸರು, ಫೋಟೋ ಸಮೇತ ದಾಖಲಾಗಿದೆ. ಸುತ್ತಲಿನ ಕಟ್ಟಡಗಳ ಗೇಟುಗಳೂ ಅದಕ್ಕೇ ಜೋಡಿಸಿದವು. ಎಲ್ಲಿ ಕೆಲಸ ಕೇಳಿ ಹೋದರೂ ಕಾಂಚನಾಳಿಗೆ ಕೆಂಪು ದೀಪವೇ. "ಅವರೇ ಬಂದು, ಇಲ್ಲಿ ನಿಂತು, ಇವರು ಯಾರು ಅಂತ ಹೇಳಿದ್ರೆ ತೆಗೀತೀನಿ. ಇಬ್ಬರಿಗೂ ಪಾಳಿಯ ಲೈಸೆನ್ಸ್ ಮಾಡಿಸೋದು ನನ್ನ ಜವಾಬ್ದಾರಿ," ಎಂದರು.

ನಾನು ಮಲ್ಲಿಕಾಳ ನಂಬರಿಗೆ ಫೋನು ಮಾಡಿ ಮರಗಮ್ಮನಿಗೆ ಬಾಯಿಗೆ ಬಂದಂತೆ ಬೈದೆ. "ನೀವೂ ಅಕಿ ಕಡೀಗೇ ಅಂತ ನನಗ ಗೊತ್ತಿತ್ತು ಬಿಡ್ರಿ," ಎಂದು ಇಟ್ಟುಬಿಟ್ಟಳು.

ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ಅವಳು ಬಂದಳು. ಕಲ್ಯಾಣದಲ್ಲಿ ರೈಲು ಇಳಿದು, ಲೋಕಲ್ ಹಿಡಿದು ನೇರ ನನ್ನ ಮನೆಗೇ. ಕೈಯಲ್ಲಿ ತೊಟ್ಟಿಲ ಶಾಸ್ತ್ರದ ಉಂಡೆಗಳ ಡಬ್ಬಿ, ಮೇಲೆ ಅದೇ ಗಂಟು. ಕೂರುವ ಮೊದಲೇ ಕೇಳಿದಳು, "ನನ್ನ ಹೆಸರು ಅದ ಇಲ್ಲರಿ?"

"ಉಂಟು ಮಾರಾಯ್ತಿ. ನಿನ್ನ ಹೆಸರಿಗೆ ಎಂತದೂ ಆಗ್ಲಿಲ್ಲ." ಕಾಂಚನಾ ತಂದುಕೊಟ್ಟಿದ್ದ ಅವಳ ಫೋನು, ಕಾರ್ಡು ಎರಡನ್ನೂ ಮುಂದಿಟ್ಟೆ.

ಅವಳು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಕಿ ಏನಂದ್ಳು? ನಾ ಫೋನ್ ಇಟ್ಟ ಮ್ಯಾಲ? ತಾ ಕಾಂಚನಾ ಅಂತ ಹೇಳಿ ನನ್ನ ಮ್ಯಾಲ ಹಾಕಿರಬೇಕು."

ನನಗೆ ಆಗ ಗೊತ್ತಾಯಿತು. ಇವಳು ಕೇಳಿಸಿಕೊಂಡೇ ಇಲ್ಲ. ಅದಕ್ಕೆ ಮೊದಲೇ ಕಟ್ ಮಾಡಿದ್ದಳು.

"ಪೊಲೀಸ್ ಅಂತ ಹೆದರಿಸಿದರು," ಎಂದೆ. "ನೀನು ಕಳ್ಳಿ ಅಂದದ್ದನ್ನು ಕಿವಿಯಾರೆ ಕೇಳಿ ಆದ ಮೇಲೆ ಮತ್ತೆ ಹೆಸರು ಕೇಳಿದರು. ಮರಗಮ್ಮ ರೀ ಅಂದಳು."

ಮರಗಮ್ಮ ನನ್ನನ್ನು ನೋಡಿದಳು. ಈ ಮಾತಿನಲ್ಲೂ ಏನಾದರೂ ಮೋಸ ಇದೆಯೋ ಎಂದು ಹುಡುಕುವ ಹಾಗೆ. ಇಲ್ಲ ಎಂದು ಖಾತ್ರಿಯಾದ ಮೇಲೆ "ಯವ್ವಾ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಬ್ಬಿ ಹಾಗೇ ಉಳಿಯಿತು.

ಆ ಸಂಜೆಯೇ ನಾವಿಬ್ಬರೂ ಚಾಳಿಗೆ ಹೋದೆವು. ಕಾಂಚನಾ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನೇ ಮಾತು ತೆಗೆದೆ. ನಿನ್ನದೇ ಹೆಸರಲ್ಲಿ ಲೈಸೆನ್ಸ್ ಮಾಡಿಸುತ್ತಾರೆ, ಗೇಟಿಗೆ ಬಾ ಎಂದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

"ನಾ ಆಣಿ ಮಾಡೀನ್ರಿ ಅಕ್ಕೋರ. ಆ ಗೇಟಿನ್ಯಾಗ ಯಾರು ಕೇಳಿದ್ರೂ ಮರಗಮ್ಮಂತ ಹೇಳಬೇಕು ನಾ. ಆಣಿ ಹಾಕಿದಾಕಿನೇ ಬಿಡಿಸಬೇಕು. ಅದೂ ಇಲ್ಲಲ್ಲ, ಮನ್ಯಾಗಲ್ಲ. ನನಗ ಕಳ್ಳಿ ಅಂದ ಜಾಗಾದಾಗ."

ಮರಗಮ್ಮ ಪಕ್ಕದ ತನ್ನ ಬಾಗಿಲ ಬೀಗ ತೆಗೆದು ಒಳಗೆ ಹೋದಳು. ಬರುತ್ತಾಳೋ ಇಲ್ಲವೋ ನನಗೆ ಖಾತ್ರಿ ಇರಲಿಲ್ಲ. ಅಲ್ಲಿ ನಿಂತು ಹೇಳಿದರೆ ತಾನು ಸುಳ್ಳು ಹೇಳಿದ್ದು ಒಪ್ಪಿದಂತೆ. ಒಪ್ಪಿದವಳ ಹೆಸರು ಉಳಿಯುತ್ತದೋ ಇಲ್ಲವೋ, ಅನಿಲಕುಮಾರರ ಮಾತನ್ನು ಅವಳು ಹೇಗೆ ನಂಬಬೇಕು?

ಮರುದಿನ ಬಸ್ಸಿನಲ್ಲಿ ಇಬ್ಬರೂ ಇದ್ದರು, ದೂರ ದೂರ. ಶಿಳ್ಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ಮರಗಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಗೇಟಿನಲ್ಲಿ ಅನಿಲಕುಮಾರ ಕಾಯುತ್ತಿದ್ದರು. ಹಿಂದೆ ಕೆಲಸಕ್ಕೆ ಬಂದವರ ಸಾಲು.

"ಮರಗಮ್ಮ, ಇವರು ಯಾರು? ಗೊತ್ತಾ ನಿಮಗೆ?"

ಅವಳು ಅನಿಲಕುಮಾರರನ್ನು ನೋಡಿದಳು, ಕ್ಯಾಮೆರಾ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಗಂಟು ಬಿಚ್ಚಿದಳು. ಭಂಡಾರವನ್ನು ಎರಡು ಬೆರಳಲ್ಲಿ ತೆಗೆದು ಕಾಂಚನಾಳ ಹಣೆಗೆ ಹಚ್ಚಿದಳು.

"ಗೊತ್ತದರಿ. ನನ್ನ ನೆಗೆಣ್ಣಿ ಇಕಿ. ಕಾಂಚನಾ. ಕಳ್ಳಿ ಅಲ್ಲ. ನಾನೇ ಸುಳ್ಳ ಹೇಳಿದ್ದೆ." ಅದು ಸಾಲಿನ ಕೊನೆಯವರೆಗೂ ಕೇಳಿಸಿತು. "ಆಣಿ ಬಿಡಿಸೀನಿ ತಂಗಿ. ನಿನ್ನ ಹೆಸರು ನೀ ಹೇಳು."

ಅನಿಲಕುಮಾರ ಹೊಸ ಕಾರ್ಡು ಹಿಡಿದು ಕೇಳಿದರು, "ನಿಮ್ಮ ಹೆಸರು?"

"ಕಾಂಚನಾ," ಎಂದಳು ಅವಳು. ಇಷ್ಟು ದಿನ ಅವಳ ಬಾಯಿಂದ ಅಷ್ಟು ಜೋರು ಮಾತು ನಾನು ಕೇಳಿರಲಿಲ್ಲ. ಹಸಿರು ದೀಪ ಬಂತು. ಯಕ್ಕನಿಗಾಗಿ ಕಾಯದೆ, ಹಿಂದೆ ತಿರುಗದೆ, ಒಳಗೆ ಹೋದಳು.

ಈಗ ಮರಗಮ್ಮನ ಸರದಿ. ಅವಳ ಫೋನು ದಿನದಂತೆ ಕೇಳಿತು, "ನೀವೇನಾ?" ಇಷ್ಟು ದಿನ ಅದಕ್ಕೆ ಹೌದು ಒತ್ತಿದ್ದು ಕಾಂಚನಾ; ಮರಗಮ್ಮ ಅದನ್ನು ನೋಡುತ್ತಾ ನಿಂತಳು. ಹಿಂದಿನವರು ಗೊಣಗತೊಡಗಿದರು. ಕೊನೆಗೆ ಫೋನನ್ನು ನನ್ನ ಕಡೆ ಚಾಚಿದಳು.

"ನೀವೇ ಒತ್ತರಿ ಅಕ್ಕೋರ."

ಬೇರೆ ದಿನವಾಗಿದ್ದರೆ ನಾನು ಗದರುತ್ತಿದ್ದೆ. "ಅದನ್ನು ನೀನೇ ಒತ್ತಬೇಕು, ಮಾರಾಯ್ತಿ," ಎಂದೆ ಮೆಲ್ಲಗೆ.

ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು. ಗೇಟು ತೆರೆಯಿತು. ಕಾಂಚನಾ ಆಗಲೇ ಲಿಫ್ಟ್ ಹತ್ತಿ ಹೋಗಿದ್ದಳು.